ಹಂಪಿ ರಥಕ್ಕೆ ಗೋಪುರ ವಾಪಸ್ ಕಟ್ಟಬೇಕಾ?

ಹಳೇ ಕಟ್ಟಡಗಳ ಕಥೆ | ಭಾಗ 6

ಜೇಬಲ್ಲಿ ಹೊಸ 50 ರೂಪಾಯಿ ನೋಟಿದ್ರೆ ತಿರುಗಿಸಿ ನೋಡಿ. ಹಂಪಿಯ ಕಲ್ಲಿನ ರಥ, ಅಲ್ವಾ? ಈಗ ಎರಡನೇ ಫೋಟೋಗೆ ಸ್ವೈಪ್ ಮಾಡಿ. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದದ್ದು. ಅದೇ ರಥ. ಆದ್ರೆ ಮೇಲೊಂದು ಇಟ್ಟಿಗೆ ಗೋಪುರ ಇದೆ! ಇವತ್ತು ಅದಿಲ್ಲ.

ಫೋಟೋ ಹೇಗೂ ಇದೆ, ಗೋಪುರ ಮತ್ತೆ ಕಟ್ಟಬಹುದಲ್ಲ ಅಂತ ಕೇಳ್ತೀರಾ? ಮೂರನೇ ಫೋಟೋ ನೋಡಿ. ರಥದ ಮುಂದಿರೋ ಆನೆಗಳು ಆಮೇಲೆ ತಂದಿಟ್ಟವು. ಅವುಗಳ ಹಿಂದೆ ಕುದುರೆಗಳ ಹಿಂಗಾಲು, ಬಾಲ ಈಗಲೂ ಕಾಣುತ್ತೆ. "ಮೊದಲಿನ ಹಾಗೇ ಮಾಡೋಣ" ಅಂದ್ರೆ ಆನೆಗಳನ್ನೂ ತೆಗೀಬೇಕಾ? ಯಾವ ಕಾಲದ "ಮೊದಲು"?

ರಥಕ್ಕಾದರೆ ಫೋಟೋ ಇದೆ. ಅರಮನೆಗಳಿಗೆ ಅದೂ ಇಲ್ಲ. ಮರದಲ್ಲಿ ಕಟ್ಟಿದ್ದ ಮೇಲ್ಭಾಗ ಹೋಗಿ ಕಲ್ಲಿನ ಜಗತಿ ಮಾತ್ರ ಉಳಿದಿದೆ. ಅದರ ಮೇಲೆ ಈಗ ಏನು ಕಟ್ಟಿದ್ರೂ ಅದು ನಮ್ಮ ಊಹೆ, ವಿಜಯನಗರ ಅಲ್ಲ. 1565ರ ಯುದ್ಧದ ನಂತರ ಆ ನಗರ ಹಾಳಾದದ್ದೂ ಇತಿಹಾಸವೇ. ಅದನ್ನ ಮುಚ್ಚಿಹಾಕೋದು ಸರಿಯಲ್ಲ.

ಹಾಗಂತ ಕೈಕಟ್ಟಿ ಕೂರೋದಾ? ಅದೂ ಅಲ್ಲ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ದೇವಸ್ಥಾನದ ಮುಂದಿನ ಸಾಲು ಮಂಟಪದ ಒಂದು ಭಾಗ ಕುಸಿದು ಬಿತ್ತು. ಕಲ್ಲಿಗೂ ಆಯಸ್ಸು ಅಂತ ಇದೆ. ನೋಡಿಕೊಳ್ಳದೇ ಬಿಟ್ಟರೆ ಅದು ವಯಸ್ಸಾಗೋದಲ್ಲ, ಸಾಯೋದು.

ಅದಕ್ಕೇ ಎರಡು ಪದ ನೆನಪಿಟ್ಕೊಳ್ಳಿ: ಜೀರ್ಣೋದ್ಧಾರ, ಸಂರಕ್ಷಣೆ. ಹಾಳಾದದ್ದನ್ನ ಮತ್ತೆ ಕಟ್ಟಿ ಬಳಕೆಗೆ ತರೋದು ಜೀರ್ಣೋದ್ಧಾರ. ವಿರೂಪಾಕ್ಷನಿಗೆ ಇವತ್ತಿಗೂ ಪೂಜೆ ನಡೀತಿದೆ, ಅಂಥ ಕಡೆ ಅದು ಸಹಜ. ಉಳಿದಿರೋದನ್ನ ಬೀಳದ ಹಾಗೆ ಹಿಡಿದು ನಿಲ್ಲಿಸೋದು ಸಂರಕ್ಷಣೆ: ನೀರು ಹರಿದು ಹೋಗೋಕೆ ದಾರಿ, ವಾಲಿದ ಕಂಬಕ್ಕೆ ಆಸರೆ, ಬಿರುಕಿಗೆ ಸುಣ್ಣದ ಗಾರೆ. ಸಿಮೆಂಟ್ ಯಾಕೆ ಬೇಡ? ಅದು ಒಳಗಿನ ತೇವವನ್ನ ಹೊರಗೆ ಬಿಡಲ್ಲ, ಹಳೇ ಇಟ್ಟಿಗೆ ಒಳಗಿಂದಲೇ ಪುಡಿಯಾಗುತ್ತೆ. ಸುಣ್ಣ ಉಸಿರಾಡುತ್ತೆ.

ನನ್ನ ಓಟು: ರಥಕ್ಕೆ ಗೋಪುರ ಬೇಡ. ಆನೆಗಳೂ ಅಲ್ಲೇ ಇರಲಿ, ಹಿಂದಿನ ಕುದುರೆ ಬಾಲವೂ ಇರಲಿ. ಇರೋದು ಬೀಳದ ಹಾಗೆ ನೋಡ್ಕೊಂಡ್ರೆ ಸಾಕು.

ನಿಮ್ಮೂರಲ್ಲೂ ಹಳೇ ಗುಡಿ, ಕೋಟೆ, ಶಾಲೆ ಇರುತ್ತೆ. ರಿಪೇರಿ ಶುರುವಾಗೋ ಮುಂಚೆ ಒಂದು ಫೋಟೋ ತೆಗೆದಿಡಿ. ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಆ ಗೋಪುರ ನಾವು ಇವತ್ತಿಗೂ ನೋಡಬಹುದು.

ನಿಮ್ಮ ಓಟು ಯಾವುದಕ್ಕೆ? ಕಾಮೆಂಟಲ್ಲಿ ಹೇಳಿ 👇

#ಹಂಪಿ #ಕಲ್ಲಿನರಥ #ನಮ್ಮಇತಿಹಾಸ