ಮಾತು ಒಬ್ಬರದು, ಧಾತು ಇನ್ನೊಬ್ಬರದು: ಮೈಸೂರು ಆಸ್ಥಾನದ ವಾಗ್ಗೇಯಕಾರರು

ಕರ್ನಾಟಕ ಸಂಗೀತದ ಶಾಸ್ತ್ರಗ್ರಂಥಗಳು ಹಾಡಿನ ಸಾಹಿತ್ಯಭಾಗವನ್ನು ‘ಮಾತು’ ಎಂದೂ ಅದನ್ನು ಹೊತ್ತ ಸ್ವರರಚನೆಯನ್ನು ‘ಧಾತು’ ಎಂದೂ ಹೆಸರಿಸಿ, ಎರಡನ್ನೂ ತಾನೇ ರಚಿಸಬಲ್ಲವನನ್ನು ವಾಗ್ಗೇಯಕಾರನೆಂದು ಕರೆದು ಆತನಿಗೆ ಮೇಲಿನ ಸ್ಥಾನವನ್ನು ಕೊಟ್ಟಿವೆ. ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು ಮತ್ತು ಶ್ಯಾಮಾಶಾಸ್ತ್ರಿಗಳು ಈ ಆದರ್ಶಕ್ಕೆ ಎಲ್ಲರೂ ಒಪ್ಪುವ ನಿದರ್ಶನಗಳಾದ್ದರಿಂದ, ಮೈಸೂರು ಆಸ್ಥಾನದ ಸಂಗೀತವನ್ನು ಕುರಿತು ಬರೆಯುವಾಗಲೂ ಅದೇ ಅಳತೆಗೋಲು ಬಳಕೆಯಾಗುವುದು ಸಹಜ. ಆದರೆ 1881ರಲ್ಲಿ ರಾಜ್ಯಾಧಿಕಾರವು ಬ್ರಿಟಿಷ್ ಕಮಿಷನರರಿಂದ ಒಡೆಯರ ಮನೆತನಕ್ಕೆ ಮರಳಿದಂದಿನಿಂದ ಸ್ವಾತಂತ್ರ್ಯಾನಂತರದ ವಿಲೀನದವರೆಗಿನ ಏಳು ದಶಕಗಳನ್ನು ಗಮನವಿಟ್ಟು ನೋಡಿದರೆ, ಕನ್ನಡದ ಮಟ್ಟಿಗೆ ಅತ್ಯಂತ ಫಲವತ್ತಾದ ಕೆಲಸ ನಡೆದದ್ದು ಮಾತನ್ನು ಒಬ್ಬರೂ ಧಾತುವನ್ನು ಇನ್ನೊಬ್ಬರೂ ರಚಿಸಿದ ಕಡೆಯಲ್ಲಿಯೇ ಎಂಬುದು ಸ್ಪಷ್ಟವಾಗುತ್ತದೆ.

ಈ ಬಗೆಯ ಸಹಕಾರದ ಮೊದಲ ಹೆಸರು ಬಸವಪ್ಪ ಶಾಸ್ತ್ರಿಗಳದು (1843–1891). ‘ಅಭಿನವ ಕಾಳಿದಾಸ’ ಎಂಬ ಬಿರುದನ್ನು ಪಡೆದ ಈ ಆಸ್ಥಾನಕವಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಬೆಳೆದ ನಾಟಕ ಸಭೆಗಾಗಿ ‘ಶಾಕುಂತಲ’ವನ್ನು ಕನ್ನಡಕ್ಕೆ ತಂದರು, ಇಂಗ್ಲಿಷ್ ಬಾರದಿದ್ದರೂ ಸಿ. ಸುಬ್ಬರಾಯರ ನೆರವಿನಿಂದ ಷೇಕ್ಸ್‌ಪಿಯರನ ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯಾಗಿ ರೂಪಾಂತರಿಸಿದರು. ಅಂದಿನ ರಂಗಭೂಮಿಯಲ್ಲಿ ನಾಟಕವೆಂದರೆ ಬಹುಮಟ್ಟಿಗೆ ಹಾಡುಗಳ ಸರಣಿಯೇ ಆಗಿದ್ದುದರಿಂದ, ನಟನ ಕಂಠಕ್ಕೂ ಹಾರ್ಮೋನಿಯಂಗೂ ಒಗ್ಗುವಂತೆ ಪದಗಳನ್ನು ಹದಗೊಳಿಸುವ ಕಲೆಯನ್ನು ಕವಿಯು ರೂಢಿಸಿಕೊಳ್ಳಲೇಬೇಕಿತ್ತು.

ಆ ಹದದ ಫಲವೇ ಮೈಸೂರು ಸಂಸ್ಥಾನದ ನಾಡಗೀತೆಯಾದ ‘ಕಾಯೌ ಶ್ರೀಗೌರಿ’. ದೇವಿಯನ್ನು ಕುರಿತ ಪ್ರಾರ್ಥನೆಯೂ ಅರಸನ ಶುಭಾಶಂಸನೆಯೂ ಒಂದರಲ್ಲೊಂದು ಬೆರೆತ ಈ ಗೀತೆಯನ್ನು ಶಂಕರಾಭರಣ ರಾಗದಲ್ಲಿ ಅಳವಡಿಸಿದ್ದರ ಹಿಂದೆ ಪ್ರಾಯೋಗಿಕವಾದ ಅನುಕೂಲವೂ ಇದೆ. ಶಂಕರಾಭರಣದ ಏಳು ಸ್ವರಗಳು ಪಾಶ್ಚಾತ್ಯ ಸಂಗೀತದ ಮೇಜರ್ ಸ್ಕೇಲಿಗೆ, ಅಂದರೆ ಅಲ್ಲಿನ ಅತ್ಯಂತ ಪ್ರಚಲಿತ ಸ್ವರಶ್ರೇಣಿಗೆ, ಸಮಾನವಾಗಿರುವುದರಿಂದ ಕಹಳೆ, ಕ್ಲಾರಿನೆಟ್ ಮೊದಲಾದ ಬ್ಯಾಂಡ್ ವಾದ್ಯಗಳಲ್ಲಿ ಗಮಕದ ತೊಡಕಿಲ್ಲದೆ ಅದನ್ನು ನುಡಿಸಬಹುದು. ಯುರೋಪಿನ ವೃಂದಗಾನದಲ್ಲಿ ಏರುಕಂಠ, ಇಳಿಕಂಠಗಳು ಬೇರೆ ಬೇರೆ ಸ್ವರಪಂಕ್ತಿಗಳನ್ನು ಏಕಕಾಲದಲ್ಲಿ ಹಾಡಿದರೆ, ಇಲ್ಲಿ ಎಲ್ಲರೂ ಒಂದೇ ಸ್ವರಪಂಕ್ತಿಯನ್ನು ಒಟ್ಟಾಗಿ ಹಾಡುವ ಕ್ರಮವಿತ್ತು. ದಸರೆಯ ದರ್ಬಾರಿನಿಂದ ಶಾಲೆಗಳ ಪ್ರಾರ್ಥನೆಯವರೆಗೆ ಹಬ್ಬಿದ ಈ ಗೀತೆಯು, ಸಂಗೀತವನ್ನು ಕಲಿಯದ ಸಾಮಾನ್ಯರ ಬಾಯಿಗೂ ಆಸ್ಥಾನದ ರಚನೆಯೊಂದನ್ನು ತಲುಪಿಸಿತು. ವಿದ್ವತ್ ಪರಂಪರೆಯ ಚರಿತ್ರೆಗಳಲ್ಲಿ ಇದಕ್ಕೆ ಸಿಗುವ ಜಾಗ ಕಿರಿದು, ಅದು ನ್ಯಾಯವಲ್ಲ.

ಕಛೇರಿ ಸಂಗೀತದ ಕಥೆ ಬೇರೆ. ತ್ಯಾಗರಾಜರ ಶಿಷ್ಯರಾದ ವಾಲಾಜಾಪೇಟೆ ವೆಂಕಟರಮಣ ಭಾಗವತರಲ್ಲಿ ಕಲಿತ ಸದಾಶಿವರಾಯರು ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನಲ್ಲಿ ನೆಲೆಸಿ ಶಿಷ್ಯಪರಂಪರೆಯೊಂದನ್ನು ಬೆಳೆಸಿದರು. ‘ವೈಣಿಕ ಶಿಖಾಮಣಿ’ ಶೇಷಣ್ಣನವರು (1852–1926) ಆ ಪರಂಪರೆಗೆ ಸೇರಿದವರು. 1865ರಲ್ಲಿ ಹುಟ್ಟಿದ ವಾಸುದೇವಾಚಾರ್ಯರನ್ನು ಚಾಮರಾಜೇಂದ್ರ ಒಡೆಯರು ವೇತನ ಕೊಟ್ಟು ತಿರುವಯ್ಯಾರಿನ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿಗೆ ಕಳುಹಿಸಿದರು. ಈ ಗುರುವೂ ತ್ಯಾಗರಾಜರ ಶಿಷ್ಯಸಂತತಿಗೇ ಸೇರಿದವರು. ಹೀಗೆ ಎರಡೂ ದಾರಿಗಳಿಂದ ಮೈಸೂರಿಗೆ ಬಂದ ಕೃತಿ ಎಂಬ ಪ್ರಕಾರವು, ಅಂದರೆ ಪಲ್ಲವಿ, ಅನುಪಲ್ಲವಿ, ಚರಣಗಳೆಂಬ ಮೂರು ಅಂಗಗಳಲ್ಲಿ ರಾಗವನ್ನು ಹಂತಹಂತವಾಗಿ ಅರಳಿಸುವ ರಚನೆಯು, ತನ್ನೊಂದಿಗೆ ತೆಲುಗನ್ನೂ ಕರೆತಂದಿತು. ಆಚಾರ್ಯರ ಸುಮಾರು 200 ರಚನೆಗಳಲ್ಲಿ ಬಹುಪಾಲು ತೆಲುಗು ಮತ್ತು ಸಂಸ್ಕೃತದಲ್ಲಿವೆ. ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಅವುಗಳಲ್ಲಿ ಲೋಕಪ್ರಿಯವಾದದ್ದು. ಸಮಕಾಲೀನ ಸಂಗೀತಗಾರರ ಬದುಕನ್ನು ಚಿತ್ರಿಸಲು ಹೊರಟಾಗ ‘ನಾ ಕಂಡ ಕಲಾವಿದರು’ ಗ್ರಂಥವನ್ನು ಅವರು ಬರೆದದ್ದು ಲವಲವಿಕೆಯ ಕನ್ನಡದಲ್ಲಿ. ಅಂತಹ ಗದ್ಯವನ್ನು ಬರೆಯಬಲ್ಲವರು ಹಾಡಿಗೆ ತೆಲುಗನ್ನು ಆರಿಸಿಕೊಂಡದ್ದು ತಾಯಿನುಡಿಯ ಬಗೆಗಿನ ಉದಾಸೀನದಿಂದಲ್ಲ. ಗುರುಮುಖದಿಂದ ಬಂದ ರಾಗಭಾವವು ಆ ಭಾಷೆಯ ಪದಗಳೊಡನೆಯೇ ಅವರ ಮನಸ್ಸಿನಲ್ಲಿ ಬೇರೂರಿತ್ತು ಎಂಬುದೇ ಒಪ್ಪುವಂತಹ ವಿವರಣೆ.

ಕನ್ನಡದಲ್ಲಿ ಹಾಡುಗಳ ಕೊರತೆಯೇನೂ ಇರಲಿಲ್ಲ. ಪುರಂದರದಾಸರು ಮೊದಲಾದ ಹರಿದಾಸರ ದೇವರನಾಮಗಳು ಮನೆಮನೆಯಲ್ಲಿದ್ದವು. ಆದರೆ ಅವುಗಳ ಮೂಲ ಧಾತು ಬಹುಮಟ್ಟಿಗೆ ಕಳೆದುಹೋಗಿದ್ದರಿಂದ ಗಾಯಕರು ತಮ್ಮ ತಮ್ಮ ರುಚಿಗೆ ತಕ್ಕ ರಾಗಗಳಲ್ಲಿ ಅವನ್ನು ಹಾಡುತ್ತಿದ್ದರು, ಕಛೇರಿಯ ಮುಖ್ಯಭಾಗ ಮುಗಿದ ಮೇಲಷ್ಟೇ ಅವಕ್ಕೆ ಸರದಿ ಬರುತ್ತಿತ್ತು. ಬಿಡಾರಂ ಕೃಷ್ಣಪ್ಪನವರು (1866–1931) ದೇವರನಾಮಗಳನ್ನು ಕಛೇರಿಯ ಗೌರವಕ್ಕೆ ಏರಿಸಲು ಶ್ರಮಿಸಿದರು. ಮೈಸೂರಿನ ಪ್ರಸನ್ನ ಸೀತಾರಾಮ ಮಂದಿರ ಅವರ ನಿಷ್ಠೆಯಿಂದ ಎದ್ದುನಿಂತದ್ದು. ಇಷ್ಟಾದರೂ ರಾಗ, ತಾಳ, ಸಂಗತಿಗಳೆಲ್ಲ ರಚನಕಾರನಿಂದಲೇ ನಿಗದಿಯಾದ ಕೃತಿಗಳ ದೊಡ್ಡದೊಂದು ಗುಚ್ಛವು ಕನ್ನಡದಲ್ಲಿ ಇನ್ನೂ ಬರಬೇಕಾಗಿತ್ತು.

ಅದನ್ನು ತಂದುಕೊಟ್ಟವರು ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (1877–1945). ಹಾಡುಗಾರಿಕೆಯಲ್ಲಿಯೂ ಹರಿಕಥೆಯಲ್ಲಿಯೂ ಹೆಸರಾಗಿದ್ದ ಅವರು 1920ರ ದಶಕದ ಕೊನೆಯ ವೇಳೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವಿದ್ವಾಂಸರಾಗಿ, ಒಡೆಯರ ಆಶಯದಂತೆ, ಚಾಮುಂಡೇಶ್ವರಿಯ ಅಷ್ಟೋತ್ತರವನ್ನು, ಅಂದರೆ ಪೂಜೆಯಲ್ಲಿ ಉಚ್ಚರಿಸುವ 108 ನಾಮಗಳ ಮಾಲಿಕೆಯನ್ನು, ಆಧರಿಸಿ ಕನ್ನಡದಲ್ಲಿ ಕೃತಿಗಳನ್ನು ರಚಿಸಲು ತೊಡಗಿದರು. ಕನ್ನಡವು ಅವರ ಮನೆಮಾತಲ್ಲ. ಸಾಹಿತ್ಯದ ಹೊಣೆಯಲ್ಲಿ ಅವರಿಗೆ ಜೊತೆಯಾದವರು ಆಸ್ಥಾನದ ಪಂಡಿತರಾದ ದೇವೋತ್ತಮ ಜೋಯಿಸರು.

ಈ ಜೋಡಿಯ ಮುಂದಿದ್ದ ಕಷ್ಟವನ್ನು ಅರಿಯಲು ಕೃತಿಯ ಕಟ್ಟುಪಾಡುಗಳನ್ನು ನೆನೆಯಬೇಕು. ಪ್ರತಿ ಸಾಲಿನ ಎರಡನೆಯ ಅಕ್ಷರ ಹೊಂದಿಕೊಳ್ಳುವ ದ್ವಿತೀಯಾಕ್ಷರ ಪ್ರಾಸವು ಪಾದದಿಂದ ಪಾದಕ್ಕೆ ಪಾಲನೆಯಾಗಬೇಕು. ಅರ್ಥದ ವಿರಾಮವೂ ತಾಳದ ಪೆಟ್ಟೂ ಒಂದೆಡೆ ಕೂಡಬೇಕು. ಒಂದೇ ಸಾಲನ್ನು ಮತ್ತೆ ಮತ್ತೆ ಹೊಸ ಹೊಸ ಸ್ವರವಿನ್ಯಾಸದಲ್ಲಿ ಹಾಡುವ ಸಂಗತಿಗಳಿಗೆ ಅನುವಾಗುವಂತೆ ದೀರ್ಘಸ್ವರಗಳು ತಕ್ಕ ಜಾಗದಲ್ಲಿ ಬೀಳಬೇಕು. ಇದರ ಮೇಲೆ ನಾಮಾವಳಿಯ ನಿರ್ಬಂಧವೂ ‘ಹರಿಕೇಶ’ ಎಂಬ ಅಂಕಿತವೂ, ಎಂದರೆ ರಚನಕಾರನ ಗುರುತಿನ ಪದವೂ, ಸೇರಿಕೊಳ್ಳುತ್ತವೆ. ನಾಮಗಳು ಸಂಸ್ಕೃತದ ಸಮಾಸಗಳಾದುದರಿಂದ ಈ ಕೃತಿಗಳ ಮೈಯೆಲ್ಲ ಸಂಸ್ಕೃತ ಪದಗಳಿಂದ ತುಂಬಿರುವುದು ನಿಜ, ದಾಸರ ಆಡುಮಾತಿನ ಸಲುಗೆಯನ್ನು ಅಲ್ಲಿ ಹುಡುಕಿದವರಿಗೆ ನಿರಾಸೆಯಾದೀತು. ಆದರೂ ವಿಭಕ್ತಿ, ಕ್ರಿಯಾಪದ, ಸಂಬೋಧನೆಗಳಲ್ಲಿ ಕನ್ನಡದ ನಡೆಯು ಉಳಿದುಕೊಂಡಿದ್ದು, ಅದರ ಮೆಲುದನಿಯ ಕೊನೆಗಳನ್ನು ಭಾಗವತರು ರಾಗದ ನ್ಯಾಸಸ್ವರಗಳ ಮೇಲೆ, ಎಂದರೆ ರಾಗವು ತಂಗುವ ಸ್ವರಗಳ ಮೇಲೆ, ಇರಿಸಿದ ಕೌಶಲವು ಪದವನ್ನು ಬಲ್ಲವರ ಸಲಹೆಯಿಲ್ಲದೆ ಬರುವಂತಹದಲ್ಲ. ಅವರೇ ರೂಪಿಸಿದ ಮೋಹನಕಲ್ಯಾಣಿ ರಾಗದಲ್ಲಿ ಭುವನೇಶ್ವರಿಯನ್ನು ಕುರಿತ ಕೃತಿಯು ಇದಕ್ಕೆ ಉತ್ತಮ ಸಾಕ್ಷಿ. ರಾಗವು ಹೊಸದು, ಭಾಷೆಯು ರಚನಕಾರನಿಗೆ ಹೊಸದು, ಆದರೂ ಎರಡೂ ಒಂದನ್ನೊಂದು ಬಹುಕಾಲದಿಂದ ಬಲ್ಲಂತೆ ಕೇಳಿಸುತ್ತವೆ. ಕನ್ನಡ ಕೃತಿಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪ್ರಯತ್ನ ಆಸ್ಥಾನದಿಂದ ಮತ್ತೆ ಹೊರಡಲಿಲ್ಲ. ಕಛೇರಿಗಳಲ್ಲಿ ಈ ಗುಚ್ಛದ ಬೆರಳೆಣಿಕೆಯ ಕೃತಿಗಳಷ್ಟೇ ಕೇಳಿಬರುತ್ತಿರುವುದೂ, ಕೇಳಿಬಂದಾಗಲೂ ಜೋಯಿಸರ ಹೆಸರನ್ನು ಹೇಳುವವರು ವಿರಳವಾಗಿರುವುದೂ ಕನ್ನಡ ಸಂಗೀತಲೋಕವು ತೀರಿಸಬೇಕಾದ ಬಾಕಿ.

ನಾಲ್ವಡಿಯವರ ಕಾಲದಲ್ಲಿ ಅರಮನೆಯು ಪಾಶ್ಚಾತ್ಯ ಬ್ಯಾಂಡನ್ನೂ ಕರ್ನಾಟಕ ವಾದ್ಯವೃಂದವನ್ನೂ ಒಟ್ಟಿಗೆ ಪೋಷಿಸಿತು. ಜರ್ಮನಿಯ ಆಟೊ ಷ್ಮಿಟ್ ಅವರು ಅಲ್ಲಿ ವಾದ್ಯವೃಂದದ ನಿರ್ದೇಶಕರಾಗಿದ್ದರು. ವೀಣೆ ವೆಂಕಟಗಿರಿಯಪ್ಪನವರು (1887–1952) ‘ನಗ್ಮಾ’ ಎಂಬ ವಾದ್ಯರಚನೆಗಳನ್ನು ಮಾಡಿದ್ದು ಈ ವಾತಾವರಣದಲ್ಲಿ. ಸಾಹಿತ್ಯವೇ ಇಲ್ಲದ, ಸ್ವರಗಳ ಓಟವನ್ನೇ ನೆಚ್ಚಿದ ಈ ರಚನೆಗಳಲ್ಲಿ ಮಾತನ್ನು ಬಿಟ್ಟ ಧಾತುವು ಎಷ್ಟು ದೂರ ನಡೆಯಬಲ್ಲುದೆಂಬ ಪರೀಕ್ಷೆಯಿದೆ. ಅವರ ಶಿಷ್ಯರಾದ ವೀಣೆ ದೊರೆಸ್ವಾಮಿ ಅಯ್ಯಂಗಾರರು ಈ ಬಾನಿಯನ್ನು ಮುಂದಿನ ತಲೆಮಾರಿಗೆ ದಾಟಿಸಿದರು.

1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು (1919–1974) ಸ್ವತಃ ವಾಗ್ಗೇಯಕಾರರು. ಮೊದಲು ಪಾಶ್ಚಾತ್ಯ ಸಂಗೀತದಲ್ಲಿ ಪಳಗಿ ಪಿಯಾನೊ ನುಡಿಸುತ್ತಿದ್ದ ಅವರು, ಬಳಿಕ ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಾಸಮಾಡಿ, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಭಾಷೆ ಸಂಸ್ಕೃತ, ದೇವಿಯ ಉಪಾಸನಾಮಾರ್ಗವಾದ ಶ್ರೀವಿದ್ಯೆಯ ಪರಿಭಾಷೆ ಅವುಗಳಲ್ಲಿ ಹೆಣೆದುಕೊಂಡಿದೆ. ಇದೇ ಅರಸರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ರಚನೆಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು, ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವರ ಕಂಠದಲ್ಲಿ ಮೊದಲ ಬಾರಿಗೆ ಕೇಳಿಬಂದಾಗ ಆ ಕಾರ್ಯಕ್ರಮಕ್ಕೆ ಆರ್ಥಿಕ ಭರವಸೆ ನೀಡಿದ್ದವರೂ ಇವರೇ. ಆ ಗೀತೆಗಳ ಮಾತು ಕೂಡ ಹರ್ಮನ್ ಹೆಸ್ಸೆ ಮತ್ತು ಐಷೆಂಡಾರ್ಫ್ ಎಂಬ ಜರ್ಮನ್ ಕವಿಗಳದು, ಧಾತುವಷ್ಟೇ ಸ್ಟ್ರಾಸ್ ಅವರದು.

ಸಂಸ್ಥಾನವು ಭಾರತ ಒಕ್ಕೂಟಕ್ಕೆ ಸೇರಿದ ಮೇಲೆ ಆಸ್ಥಾನದ ಆಶ್ರಯ ಕರಗಿತು. ಅರಮನೆಯ ಬ್ಯಾಂಡ್ ಕಾಲಕ್ರಮದಲ್ಲಿ ರಾಜ್ಯದ ಪೊಲೀಸ್ ಇಲಾಖೆಗೆ ಸೇರಿ, ಇಂಗ್ಲಿಷ್ ಮತ್ತು ಕರ್ನಾಟಕ ಎಂಬ ಎರಡು ವಿಭಾಗಗಳಲ್ಲಿ ದಸರೆಯ ಕಛೇರಿಗಳನ್ನು ಮುಂದುವರಿಸಿತು. ವಾಸುದೇವಾಚಾರ್ಯರು ಎಂಬತ್ತು ದಾಟಿದ ವಯಸ್ಸಿನಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರ ಆಹ್ವಾನದಂತೆ ಮದ್ರಾಸಿನ ಕಲಾಕ್ಷೇತ್ರವನ್ನು ಸೇರಿದರು. 1959ರಲ್ಲಿ ಪದ್ಮಭೂಷಣ ಪ್ರಶಸ್ತಿ ಪಡೆದ ಈ ಸ್ವಯಂಪೂರ್ಣ ವಾಗ್ಗೇಯಕಾರರು ಬದುಕಿನ ಕೊನೆಯ ಘಟ್ಟದಲ್ಲಿ ಕೈಹಾಕಿದ್ದು ತಮ್ಮದಲ್ಲದ ಮಾತಿಗೆ: ವಾಲ್ಮೀಕಿ ರಾಮಾಯಣವನ್ನು ಆಧರಿಸಿದ ನೃತ್ಯನಾಟಕಗಳ ಸರಣಿಗೆ ಅವರು ಸಂಗೀತ ರಚಿಸಿದರು, ಶ್ಲೋಕಗಳ ಅರ್ಥಕ್ಕೂ ನರ್ತಕರ ಹೆಜ್ಜೆಗೂ ಒಪ್ಪುವಂತೆ ರಾಗಗಳನ್ನು ಆರಿಸಿದರು. 1961ರ ಮೇ ತಿಂಗಳಿನಲ್ಲಿ ಆಚಾರ್ಯರು ತೀರಿಕೊಂಡಾಗ ಉಳಿದಿದ್ದ ಭಾಗಗಳಿಗೆ ಅವರ ಮೊಮ್ಮಗ ಎಸ್. ರಾಜಾರಾಮ್ ಅವರು ಧಾತು ರಚಿಸಿ ಸರಣಿಯನ್ನು ಪೂರ್ಣಗೊಳಿಸಿದರು.