ಅರವತ್ತರ ಮೇಲೆ ಕೇದಾರನಾಥ: ಬೀದರಿನ ಬಯಲಲ್ಲೇ ಬೆಟ್ಟಕ್ಕೆ ಸಜ್ಜಾಗಬಹುದೇ?

"ಹೊಲದಾಗ ಜೀವಮಾನ ದುಡಿದೀನಿ, ನನಗ್ಯಾಕ ಬೇಕ್ರಿ ತಯಾರಿ?" ಯಾತ್ರೆಗೆ ಹೊರಟ ಹಿರಿಯರನ್ನು ಕೇಳಿದರೆ ಭಾಲ್ಕಿ, ಔರಾದ್ ಕಡೆ ಸಾಮಾನ್ಯವಾಗಿ ಬರುವ ಉತ್ತರ ಇದು. ಕೇದಾರ ವೀರಶೈವರ ಪಂಚಪೀಠಗಳಲ್ಲಿ ಒಂದು, ಅಲ್ಲಿನ ಅರ್ಚಕರೂ ಕರ್ನಾಟಕ ಮೂಲದ ವೀರಶೈವರು. ಹಾಗಾಗಿ ಈ ಭಾಗದವರಿಗೆ ಅದು ದೂರದ ಊರು ಅನ್ನಿಸುವುದಿಲ್ಲ. ಆದರೆ ದೇಹಕ್ಕೆ ಅದು ದೂರವೇ.

ಲೆಕ್ಕ ಹಾಕಿ ನೋಡಿ. ಗೌರಿಕುಂಡ ಸಮುದ್ರಮಟ್ಟದಿಂದ ಸುಮಾರು 1,980 ಮೀಟರ್ ಎತ್ತರದಲ್ಲಿದೆ, ಕೇದಾರನಾಥ 3,583 ಮೀಟರ್. 2013ರ ಪ್ರವಾಹದ ನಂತರ ನಡಿಗೆಯ ದಾರಿ ಸುಮಾರು 16 ಕಿ.ಮೀ. ಆಗಿದೆ. ಅಂದರೆ 1,600 ಮೀಟರ್ ಏರಬೇಕು. ಒಂದು ಮಹಡಿಗೆ 3 ಮೀಟರ್ ಎಂದರೆ ಐನೂರಕ್ಕೂ ಹೆಚ್ಚು ಮಹಡಿ ಹತ್ತಿದಂತೆ. ಬೀದರ್ ಜಿಲ್ಲೆಯ ಹೊಲಗಳು ಬಹುಪಾಲು ಸಪಾಟು. ಹೊಲದ ದುಡಿಮೆ ಸೊಂಟ, ತೋಳು, ತಾಳ್ಮೆ ಮೂರನ್ನೂ ಗಟ್ಟಿ ಮಾಡುತ್ತದೆ, ಸುಳ್ಳಲ್ಲ. ಆದರೆ ಏಳೆಂಟು ಗಂಟೆ ಎಡೆಬಿಡದೆ ಏರು ಹತ್ತುವುದನ್ನು ಅದು ಕಲಿಸುವುದಿಲ್ಲ. ಯಾವ ಕೆಲಸ ಮಾಡಿಸುತ್ತೀರೋ ದೇಹ ಅದಕ್ಕೇ ಹೊಂದಿಕೊಳ್ಳುತ್ತದೆ.

ಇನ್ನು, ವಯಸ್ಸಾದ ಮೇಲೆ ಸ್ನಾಯು ಬೆಳೆಯುವುದಿಲ್ಲ ಎಂಬ ನಂಬಿಕೆ. ಇದು ತಪ್ಪು. 1990ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ವೃದ್ಧಾಶ್ರಮದ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಭಾರ ಎತ್ತುವ ತರಬೇತಿ ಕೊಟ್ಟು ನೋಡಿದರು. ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ತೊಂಬತ್ತಕ್ಕೆ ಆಗುವುದು ಅರವತ್ತೈದಕ್ಕೆ ಆಗದೇ ಇರುತ್ತದೆಯೇ?

ನಿಮ್ಮ ಕಾಲು ಎಲ್ಲಿದೆ ಎಂದು ಮನೆಯಲ್ಲೇ ತಿಳಿಯಬಹುದು. ಕುರ್ಚಿಯಲ್ಲಿ ಕೂತು, ಕೈಗಳನ್ನು ಎದೆಗೆ ಅಡ್ಡಲಾಗಿ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. 60ರಿಂದ 64ರ ವಯಸ್ಸಿನ ಗಂಡಸರಿಗೆ 14ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಸರಾಸರಿಗಿಂತ ಕೆಳಗೆ ಎಂದರ್ಥ. ಪರೀಕ್ಷೆಯಾದ ಇದೇ ಕಸರತ್ತು ಮದ್ದೂ ಹೌದು: ವಾರಕ್ಕೆ ಎರಡು ಮೂರು ದಿನ, ಹತ್ತತ್ತು ಸಲದಂತೆ ಮೂರು ಸುತ್ತು. ಜೊತೆಗೆ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಮನೆಮುಂದಿನ ಕಟ್ಟೆಯನ್ನು ಒಂದೊಂದೇ ಕಾಲಲ್ಲಿ ಹತ್ತಿಳಿಯುವುದು.

ನಡಿಗೆಗೆ ಮೂರು ತಿಂಗಳು ಇಟ್ಟುಕೊಳ್ಳಿ. ಅಮರನಾಥ ಯಾತ್ರೆಯ ಮಂಡಳಿ ಕನಿಷ್ಠ ಒಂದು ತಿಂಗಳು ಮುಂಚಿನಿಂದ ದಿನಕ್ಕೆ 4–5 ಕಿ.ಮೀ. ನಡೆಯಿರಿ ಎನ್ನುತ್ತದೆ. ಅರವತ್ತು ದಾಟಿದವರಿಗೆ ಅದು ಸಾಲದು ಎಂಬುದು ನಮ್ಮ ಅಭಿಪ್ರಾಯ. ಮೊದಲ ತಿಂಗಳು ಸಪಾಟು ನೆಲದಲ್ಲಿ ಅರ್ಧ ಗಂಟೆಯಿಂದ ಶುರುಮಾಡಿ. ಎರಡನೇ ತಿಂಗಳು ಏರು ಹುಡುಕಿ. ಬೀದರ್ ನಗರ ಪ್ರಸ್ಥಭೂಮಿಯ ಅಂಚಿನಲ್ಲಿದೆ, ಕೋಟೆಯ ಏರುತಗ್ಗು ಮತ್ತು ಅಷ್ಟೂರಿನ ಕಡೆ ಇಳಿಯುವ ದಾರಿ ಎರಡೂ ಒದಗುತ್ತವೆ. ಔರಾದಿನವರಿಗೆ ಏರು ಸಿಗದಿದ್ದರೆ ಎರಡು ಮಹಡಿಯ ಯಾವುದಾದರೂ ಕಟ್ಟಡದ ಮೆಟ್ಟಿಲೇ ಬೆಟ್ಟ. ಒಂದು ಮಹಡಿಯನ್ನು ಇಪ್ಪತ್ತು ಸಲ ಹತ್ತಿದರೆ 60 ಮೀಟರ್ ಏರಿದ ಹಾಗೆ. ಮೂರನೇ ತಿಂಗಳು ವಾರಕ್ಕೊಂದು ದಿನ ಮೂರು ನಾಲ್ಕು ಗಂಟೆಯ ನಡಿಗೆ, ಬೆನ್ನಿಗೆ ಎರಡು ಮೂರು ಕಿಲೋ ಚೀಲ, ಯಾತ್ರೆಗೆ ಒಯ್ಯುವ ಬೂಟೇ ಕಾಲಲ್ಲಿ. ಕೊನೆಯ ವಾರ ಅರ್ಧಕ್ಕೆ ಇಳಿಸಿ. ವೇಗದ ಅಳತೆ ಸರಳ: ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ನಾಡಿಬಡಿತದ ಲೆಕ್ಕ ದಾರಿ ತಪ್ಪಿಸುತ್ತದೆ, ಅವರಿಗೂ ಈ ಮಾತಿನ ಅಳತೆಯೇ ವಾಸಿ.

ಜನ ಹತ್ತುವುದಕ್ಕೆ ಹೆದರುತ್ತಾರೆ, ಮೊಣಕಾಲು ಕೈಕೊಡುವುದು ಇಳಿಯುವಾಗ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಮೈಭಾರ ಹಿಡಿದು ನಿಲ್ಲಿಸಬೇಕು. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಿಗೆ ಇದರಿಂದ ಸಣ್ಣ ಪೆಟ್ಟಾಗಿ, ಎರಡು ದಿನ ಮೆಟ್ಟಿಲಿಳಿಯುವುದೇ ಕಷ್ಟವಾಗುತ್ತದೆ. ಒಳ್ಳೆಯ ಸುದ್ದಿ ಎಂದರೆ, ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಆದ್ದರಿಂದ ಅಭ್ಯಾಸದಲ್ಲಿ ಹತ್ತಿ ಲಿಫ್ಟಿನಲ್ಲಿ ಇಳಿಯಬೇಡಿ, ನಡೆದೇ ಇಳಿಯಿರಿ. ಕೋಲು ಹಿಡಿಯುವುದು ನಾಚಿಕೆಯ ವಿಷಯವಲ್ಲ, ಮೊಣಕಾಲಿನ ಭಾರ ಅದು ಹಂಚಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದರೂ ಎತ್ತರದ ಕಾಯಿಲೆಗೆ ತರಬೇತಿ ರಕ್ಷಣೆಯಲ್ಲ. ಗಟ್ಟಿ ಮೈಯವರಿಗೂ ಅದು ಬರುತ್ತದೆ. ಕೇದಾರದಲ್ಲೂ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟೇ ಇದೆ, ಕಡಿಮೆಯಾಗುವುದು ಗಾಳಿಯ ಒತ್ತಡ. ಸಮುದ್ರಮಟ್ಟದ ಮೂರನೇ ಎರಡರಷ್ಟು ಒತ್ತಡ ಮಾತ್ರ ಅಲ್ಲಿರುತ್ತದೆ, ಹಾಗಾಗಿ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆ. ಇದಕ್ಕೆ ಮದ್ದು ನಿಧಾನ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎನ್ನುತ್ತಾರೆ ವೈದ್ಯರು. ನಮ್ಮ ಟೂರಿನವರ ಬಸ್ಸು ಈ ಲೆಕ್ಕ ನೋಡುವುದಿಲ್ಲ. ಉತ್ತರಾಖಂಡ ಸರ್ಕಾರವೇ ಯಾತ್ರೆಗೆ ಕನಿಷ್ಠ ಏಳು ದಿನ ಇಟ್ಟುಕೊಳ್ಳಿ ಎಂದು ಸಲಹೆ ಕೊಟ್ಟಿದೆ. ಗುಪ್ತಕಾಶಿ ಅಥವಾ ಸೋನಪ್ರಯಾಗದಲ್ಲಿ ಒಂದು ರಾತ್ರಿ ಹೆಚ್ಚು ತಂಗಿದರೂ ಅಷ್ಟರಮಟ್ಟಿಗೆ ಲಾಭವೇ. ಹೆಲಿಕಾಪ್ಟರ್ ಕಾಲಿನ ದಣಿವು ತಪ್ಪಿಸುತ್ತದೆ, ಎತ್ತರವನ್ನಲ್ಲ.

ಕರ್ಪೂರ ಮೂಸಿದರೆ ಆಮ್ಲಜನಕ ಏರುತ್ತದೆಯೇ? ಇಲ್ಲ. ಅದರ ಘಾಟು ಮೂಗಿನ ನರಗಳನ್ನು ಕೆರಳಿಸಿ ಉಸಿರು ಸಲೀಸಾದಂತೆ ಭ್ರಮೆ ಹುಟ್ಟಿಸುತ್ತದೆ. ರಕ್ತದಲ್ಲಿ ಏನೂ ಬದಲಾಗುವುದಿಲ್ಲ, ನುಂಗಿದರಂತೂ ವಿಷ. ಚಳಿಗೆ ಒಂದು ಗುಟುಕು ಹಾಕುವುದೂ ಕೆಟ್ಟದ್ದೇ. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಮೈಶಾಖ ಹೊರಗೆ ಬಿಡುತ್ತದೆ, ನಿದ್ದೆಯಲ್ಲಿ ಉಸಿರಾಟವನ್ನೂ ತಗ್ಗಿಸುತ್ತದೆ.

ಅಭ್ಯಾಸಕ್ಕಿಂತ ಮೊದಲು ಒಮ್ಮೆ ವೈದ್ಯರ ಹತ್ತಿರ ಹೋಗಿ. 55 ದಾಟಿದವರು, ಹೃದ್ರೋಗ, ಅಸ್ತಮಾ, ಬಿಪಿ, ಸಕ್ಕರೆ ಕಾಯಿಲೆ ಇರುವವರು ತಪಾಸಣೆ ಮಾಡಿಸಿಕೊಂಡೇ ಬರಬೇಕೆಂದು ಅಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ಇಸಿಜಿ, ಬಿಪಿ, ಸಕ್ಕರೆಯ ಜೊತೆ ಹಿಮೋಗ್ಲೋಬಿನ್ ಕೂಡ ನೋಡಿಸಿ, ವಿಶೇಷವಾಗಿ ಹೆಂಗಸರು. ಆಮ್ಲಜನಕ ಹೊರುವುದೇ ಅದು. ಊರಲ್ಲಿ ಸಣ್ಣ ಸುಸ್ತಾಗಿ ಕಾಣುವ ರಕ್ತಹೀನತೆ ಮೇಲೆ ದೊಡ್ಡ ತೊಂದರೆ. ಅಸೆಟಜೋಲಮೈಡ್ ಮಾತ್ರೆ ಎತ್ತರದ ಕಾಯಿಲೆ ತಡೆಯಬಲ್ಲದು, ಆದರೆ ಅದು ಎಲ್ಲರಿಗೂ ಆಗಿಬರುವುದಿಲ್ಲ. ವೈದ್ಯರನ್ನು ಕೇಳದೆ ನುಂಗಬೇಡಿ. ಹತ್ತುವಾಗ, ಅಭ್ಯಾಸದಲ್ಲಾದರೂ ಸರಿ, ಎದೆ ಬಿಗಿದರೆ ಅದನ್ನು ಗ್ಯಾಸ್ ಎಂದು ಸುಮ್ಮನಾಗಬೇಡಿ.

ಕಾಲ ಯಾವುದು? ದೇವಸ್ಥಾನ ತೆರೆಯುವುದು ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ. ಆಗ ಹೋಗಬೇಕೆಂದರೆ ಬೀದರಿನ ಬಿರುಬಿಸಿಲು ಏರುವ ಹೊತ್ತಿಗೇ ಅಭ್ಯಾಸ ಜೋರಾಗಬೇಕು, ಬೆಳಗಿನ ಏಳರೊಳಗೆ ಮುಗಿಸಬೇಕು. ಮಳೆಗಾಲದಲ್ಲಿ ಅಲ್ಲಿ ಗುಡ್ಡ ಕುಸಿಯುವ ಭಯ. ಹಿರಿಯರಿಗೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಅನುಕೂಲ: ಮೂರು ತಿಂಗಳ ನಡಿಗೆ ನಮ್ಮ ಮಳೆಗಾಲದ ತಂಪಿನಲ್ಲೇ ಆಗುತ್ತದೆ.

ದಾರಿಯಲ್ಲಿ ಗಂಟೆಗೊಮ್ಮೆ ಐದು ಹತ್ತು ನಿಮಿಷ ಕೂತು ನೀರು ಕುಡಿಯಿರಿ. ತಲೆನೋವು, ವಾಕರಿಕೆ ಬಂದರೆ ಅಲ್ಲೇ ನಿಲ್ಲಿ. ಕೂತಲ್ಲೇ ಏದುಸಿರು, ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ಬೆಳಗಾಗಲಿ ಎಂದು ಕಾಯದೆ ಜೊತೆಯವರು ಅವರನ್ನು ಕೆಳಗಿಳಿಸಬೇಕು, ದೇವಸ್ಥಾನ ಕಣ್ಣೆದುರಿಗೆ ಇದ್ದರೂ.