ಹುಲಕೋಟಿ: ಕಡಲಿಲ್ಲದ ಊರಿನ ಬಂದರು ಚರಿತ್ರೆ

ಗದಗಿನಿಂದ ಹುಬ್ಬಳ್ಳಿ ರಸ್ತೆ ಹಿಡಿದರೆ ಬಿಂಕದಕಟ್ಟಿ ದಾಟಿದ ಮೇಲೆ ಸಿಗುವ ದೊಡ್ಡ ಊರು ಹುಲಕೋಟಿ. ಹೆದ್ದಾರಿಯೂ ರೈಲುಹಳಿಯೂ ಊರಿಗೆ ಹತ್ತಿರ; ಸುತ್ತಲೂ ಎರೆಹೊಲ. ಹೊರಗಿನವರಿಗೆ ಈ ಊರು ಗೊತ್ತಿರುವುದು ‘ಹುಲಕೋಟಿ ಹುಲಿ’ ಎಂದು ಹೆಸರಾದ ಕೆ.ಎಚ್. ಪಾಟೀಲರಿಂದ, ಸಹಕಾರಿ ಜವಳಿ ಗಿರಣಿಯಿಂದ, ಕೃಷಿ ವಿಜ್ಞಾನ ಕೇಂದ್ರದಿಂದ, ಗ್ರಾಮೀಣ ಎಂಜಿನಿಯರಿಂಗ್ ಕಾಲೇಜಿನಿಂದ. ಸಮುದ್ರವೆಂದರೆ ಇಲ್ಲಿಂದ ಇನ್ನೂರು ಕಿ.ಮೀ. ಆಸುಪಾಸು, ಅದೂ ಸಹ್ಯಾದ್ರಿಯ ಘಟ್ಟ ಇಳಿದ ಮೇಲೆ. ಆದರೂ ಈ ಊರಿನ ಕಳೆದ ಎರಡು ಶತಮಾನಗಳ ಕಥೆ ಹೇಳಲು ಕೂತರೆ ಬಂದರಿನಿಂದಲೇ ಶುರು ಮಾಡಬೇಕಾಗುತ್ತದೆ. ಎರೆಹೊಲದಲ್ಲಿ ಯಾವ ಹತ್ತಿ ಬಿತ್ತಬೇಕು, ಬಂದ ಫಸಲಿಗೆ ಎಷ್ಟು ದರ ಎಂಬುದನ್ನು ಬಹುಕಾಲ ತೀರ್ಮಾನಿಸಿದ್ದು ಕಡಲದಂಡೆ.

ಈಗ ಗೋವಾದ ಮಾರ್ಮಗೋವಾ ಬಂದರಿನಿಂದ ವಿಹಾರದ ಹಡಗು ಹತ್ತಿ ಮುಂಬಯಿಗೋ ಲಕ್ಷದ್ವೀಪಕ್ಕೋ ಹೋಗಿಬರುವವರು ನಮ್ಮ ಕಡೆಯೂ ಇದ್ದಾರೆ. ಅಂಥವರು ಬಂದರಿನ ಪಕ್ಕದ ವಾಸ್ಕೊದಲ್ಲಿ ರೈಲಿಳಿದು ನೇರ ಹಡಗಿಗೆ ಹೋಗಿಬಿಡುತ್ತಾರೆ. ಆ ಬಂದರು ಕಟ್ಟಿದ ಉದ್ದೇಶಗಳಲ್ಲಿ ತಮ್ಮ ಸೀಮೆಯ ಹತ್ತಿಯೂ ಒಂದಾಗಿತ್ತು ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಕುಮಟೆಯ ಕಾಲ

ರೈಲು ಬರುವ ಮುಂಚೆ ಈ ಸೀಮೆಯ ಬಂದರು ಕುಮಟಾ. ಎರೆಭೂಮಿಯ ಜವಾರಿ ಹತ್ತಿ ಹಿಂಗಾರಿ ಬೆಳೆ. ಶ್ರಾವಣ, ಭಾದ್ರಪದದಲ್ಲಿ ಬಿತ್ತಿದ್ದು ಶಿವರಾತ್ರಿ ಹೊತ್ತಿಗೆ ಒಡೆಯಲು ಹತ್ತುತ್ತಿತ್ತು. ಯುಗಾದಿ ಆಚೆಗೂ ಹೆಣ್ಣುಮಕ್ಕಳು ಹತ್ತಿ ಬಿಡಿಸುತ್ತಿದ್ದರು. ಅರಳೆಯಿಂದ ಕಾಳು ಬೇರ್ಪಡಿಸುವುದೂ ಅವರದೇ ಕೆಲಸ. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸಿ ಕಾಳು ಹೊರಡಿಸುತ್ತಿದ್ದರು. ದಿನವಿಡೀ ದುಡಿದರೂ ಕೈಗೆ ಬರುತ್ತಿದ್ದ ಅರಳೆ ಕೆಲವೇ ಸೇರು. ಹತ್ತಿಕಾಳು ಮನೆಯ ದನಗಳಿಗೆ. ಅರಳೆ ಅಂಡಿಗೆಗಳಲ್ಲಿ ತುಂಬಿ ಚಕ್ಕಡಿ ಏರುತ್ತಿತ್ತು.

ಚಕ್ಕಡಿಗಳ ದಾರಿ ಹುಬ್ಬಳ್ಳಿ, ಶಿರಸಿ, ದೇವಿಮನೆ ಘಟ್ಟ, ಕುಮಟಾ. ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ದೊಡ್ಡ ಹಡಗಿನಲ್ಲಿ ಲಿವರ್‌ಪೂಲಿಗೆ. ಬರುವಾಗ ಚಕ್ಕಡಿಗಳು ಬರಿದಾಗಿ ಬರುತ್ತಿರಲಿಲ್ಲ. ಸಾಣಿಕಟ್ಟಾದ ಉಪ್ಪು, ಕರಾವಳಿಯ ತೆಂಗು ಹೇರಿಕೊಂಡು ಘಟ್ಟ ಹತ್ತುತ್ತಿದ್ದವು. ಇಂಗ್ಲೆಂಡಿನ ಹತ್ತಿ ಪೇಟೆಯಲ್ಲಿ ಧಾರವಾಡ ಸೀಮೆಯ ಜವಾರಿ ಅರಳೆಗೆ ಹಡಗು ಹತ್ತಿದ ಊರಿನ ಹೆಸರೇ ಬಿದ್ದು, ‘ಕುಂಪ್ಟಾ’ ಎಂದು ಮಾರಾಟವಾಗುತ್ತಿತ್ತು.

ಈ ವ್ಯಾಪಾರದ ಕುತ್ತಿಗೆ ಹಿಡಿದಿದ್ದು ಮಳೆಗಾಲ. ಮಿರಗಾ ಮಳೆ ಹಿಡಿಯಿತೆಂದರೆ ಕುಮಟೆಯ ರೇವು ಬಂದ್. ಇತ್ತ ಎರೆಮಣ್ಣಿನ ದಾರಿಯಲ್ಲಿ ಚಕ್ಕಡಿಯ ಗಾಲಿ ಗುಂಬದವರೆಗೆ ಹೂಳುತ್ತಿತ್ತು. ಬಿಡಿಸಿ ಮುಗಿಯುವುದಕ್ಕೂ ಮಳೆ ಬೀಳುವುದಕ್ಕೂ ನಡುವೆ ಸಿಗುವುದು ಎರಡು ಮೂರು ತಿಂಗಳು. ಅಷ್ಟರೊಳಗೆ ಮಾರದಿದ್ದರೆ ಹತ್ತಿ ಮಳೆಗಾಲ ಮುಗಿಯುವವರೆಗೆ ಮನೆಯಲ್ಲೇ. ಅವಸರದಲ್ಲಿ ಮಾರುವವನಿಗೆ ದರ ಕೇಳುವ ಬಲವಿರುವುದಿಲ್ಲ. ಸಾಲ ಕೊಟ್ಟ ಸಾಹುಕಾರನಿಗೆ ಇದು ಚೆನ್ನಾಗಿ ಗೊತ್ತಿತ್ತು.

ವಿಲಾಯತಿ ಹತ್ತಿ ಬಂದದ್ದು

1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನೇ ಕರೆಸಿ ಭಾರತದ ಹಲವು ಕಡೆ ನ್ಯೂ ಆರ್ಲಿಯನ್ಸ್ ಬೀಜದ ಪ್ರಯೋಗ ಮಾಡಿಸಿತು. ನಮ್ಮ ಕಡೆಗೆ ಬಂದವನು ಮರ್ಸರ್. ಪ್ರಯೋಗದ ಹೊಲ ಹುಬ್ಬಳ್ಳಿ ಪಕ್ಕದ ಕುಸುಗಲ್ಲಿನಲ್ಲಿ. ಧಾರವಾಡದ ಕಲೆಕ್ಟರ್ ಆಗಿದ್ದ ಷಾ ಅದಕ್ಕೆ ಬೆನ್ನಿಗೆ ನಿಂತ. ಉಳಿದ ಕಡೆ ಬಹುತೇಕ ಸೋತ ಈ ಬೀಜ ಧಾರವಾಡ, ಗದಗ ಸೀಮೆಯ ಎರೆಯಲ್ಲಿ ಬೇರೂರಿತು. ರೈತರು ಇದನ್ನು ವಿಲಾಯತಿ ಹತ್ತಿ ಎಂದರು, ತಮ್ಮ ಹಳೆಯದನ್ನು ಜವಾರಿ ಹತ್ತಿ ಎಂದರು. ವಿಲಾಯತಿಯ ಕಾಳು ಅರಳೆಯನ್ನು ಬಿಗಿಯಾಗಿ ಹಿಡಿದಿರುವುದರಿಂದ ಕಾಲಿನ ಸಲಾಕೆ ಕೆಲಸಕ್ಕೆ ಬಾರಲಿಲ್ಲ. ಗರಗಸದ ಹಲ್ಲಿನ ಜಿನ್ ಬೇಕಾಯಿತು. ಊರೂರಿಗೆ ಯಂತ್ರ ಬಂದದ್ದು ಹೀಗೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಅಲ್ಲಿನ ಹತ್ತಿ ನಿಂತಿತು. ಮ್ಯಾಂಚೆಸ್ಟರಿನ ಗಿರಣಿಗಳು ಭಾರತದತ್ತ ಕೈಚಾಚಿದವು, ದರ ಏರುತ್ತಲೇ ಹೋಯಿತು. ಕುಮಟೆಯ ತೆರೆದ ರೇವು ಸಾಲದು, ಕಾರವಾರದ ಸಹಜ ಬಂದರನ್ನೇ ಅಭಿವೃದ್ಧಿ ಮಾಡಬೇಕೆಂಬ ಒತ್ತಾಯ ಬಲವಾಯಿತು. ಅದುವರೆಗೆ ಮದ್ರಾಸಿನ ಕೆಳಗಿದ್ದ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮುಂಬಯಿ ಇಲಾಖೆಗೆ ಸೇರಿದ್ದಕ್ಕೆ ಹತ್ತಿಯ ವ್ಯಾಪಾರವೂ ಒಂದು ಕಾರಣ. ಕಾರವಾರ ಜಿಲ್ಲಾ ಕೇಂದ್ರವಾಯಿತು. 1864ರಲ್ಲಿ ದೇವಗಡ ದ್ವೀಪದ ದೀಪಸ್ತಂಭ ಬೆಳಗಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬ ಸಂಸ್ಥೆ ಕಾಳಿ ನದಿಯ ಆಚೆ ದಡದ ಸದಾಶಿವಗಡದಲ್ಲಿ ತನ್ನ ಯಂತ್ರಗಳನ್ನು ಇಳಿಸಿತು. ಆದರೆ ಘಟ್ಟದ ರಸ್ತೆ ಸಿದ್ಧವಿರಲಿಲ್ಲ. ಹತ್ತಿ ಕೆಳಗಿಳಿಯಲಿಲ್ಲ, ಕಂಪನಿ ಉಳಿಯಲಿಲ್ಲ. 1865ರಲ್ಲಿ ಯುದ್ಧ ಮುಗಿದು ದರ ಕುಸಿಯಿತು. ಏರಿದ ದರ ನಂಬಿ ಸಾಲ ಮಾಡಿದವರು ಆ ಸಾಲದಲ್ಲೇ ಉಳಿದರು.

ಬರ, ರೈಲು, ಹೊಸ ಬಂದರು

ಮುಂದಿನ ತಿರುವು ಬಂದದ್ದು ಬರದಿಂದ. 1876ರಿಂದ 78ರವರೆಗಿನ ಬರ ಧಾರವಾಡ, ಕಲಾದಗಿ, ಬಳ್ಳಾರಿ ಸೀಮೆಗಳನ್ನು ಹಾಳುಗೆಡವಿತು. ಕಾಳು ಇರುವ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿಯಿರಲಿಲ್ಲ. ಬರಪೀಡಿತ ಪ್ರದೇಶಕ್ಕೆ ರೈಲು ಬೇಕೆಂಬ ತೀರ್ಮಾನ ಆಗ ಗಟ್ಟಿಯಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿ, ಆ ದಶಕದೊಳಗೆ ಹೋಟಗಿಯಿಂದ ಗದಗಿಗೆ, ಗದಗಿನಿಂದ ಹುಬ್ಬಳ್ಳಿ, ಬಳ್ಳಾರಿಗಳಿಗೆ ಮೀಟರ್‌ಗೇಜ್ ಹಳಿ ಹಾಕಿತು. ಗದಗ ಜಂಕ್ಷನ್ ಆಯಿತು, ಹುಲಕೋಟಿಯ ಎರೆಹೊಲಗಳ ಪಕ್ಕದಲ್ಲಿ ರೈಲು ಓಡಿತು.

ಈ ಹಳಿ ಕಡಲಿಗೆ ಎಲ್ಲಿ ಮುಟ್ಟಬೇಕು ಎಂಬ ಪ್ರಶ್ನೆಯಲ್ಲಿ ಕಾರವಾರ ಸೋತಿತು. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡು ಗೋವಾದ ಮಾರ್ಮಗೋವಾದಲ್ಲಿ ಬಂದರು ಕಟ್ಟುವುದೆಂದೂ ಅಲ್ಲಿಂದ ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ವರೆಗೆ ರೈಲು ಹಾಕುವುದೆಂದೂ ನಿಶ್ಚಯಿಸಿದರು. ದೂಧಸಾಗರದ ಎದುರು ಹಾಯುವ ಈ 82 ಕಿ.ಮೀ. ಮಾರ್ಗ 1888ರ ಹೊತ್ತಿಗೆ ಲೋಂಡಾ ಕಡೆಯ ಹಳಿಗೆ ಕೂಡಿತು. ಹುಬ್ಬಳ್ಳಿಯಿಂದ ಕಾರವಾರದ ಕಡಲಿಗೆ ರೈಲು ಇಂದಿಗೂ ಇಲ್ಲ. ಹುಬ್ಬಳ್ಳಿ–ಅಂಕೋಲಾ ಯೋಜನೆ ಕಾಡಿನ ಪ್ರಶ್ನೆಯಲ್ಲಿ ದಶಕಗಳಿಂದ ಸಿಕ್ಕಿಕೊಂಡಿದೆ.

ಕುಮಟೆಯ ಹತ್ತಿ ವ್ಯಾಪಾರ ಕೆಲವೇ ವರ್ಷಗಳಲ್ಲಿ ಇಳಿದುಹೋಯಿತು. ಗದಗಿನ ದಲಾಲಿ ಅಂಗಡಿಯವರಿಗೆ ಈಗ ಎರಡು ದಾರಿ: ಹೋಟಗಿ ಮೇಲೆ ಮುಂಬಯಿ, ಇಲ್ಲವೆ ಹುಬ್ಬಳ್ಳಿ ಮೇಲೆ ಮಾರ್ಮಗೋವಾ. ಜಿನ್ನು, ಪ್ರೆಸ್ಸುಗಳು ಗದಗಿನ ಸ್ಟೇಶನ್ ಸುತ್ತ ಬೆಳೆದವು. ಹುಲಕೋಟಿಯ ರೈತ ತಿಂಗಳುಗಟ್ಟಲೆ ಎತ್ತುಗಳನ್ನು ಘಟ್ಟಕ್ಕೆ ಕಳಿಸುವುದು ತಪ್ಪಿ, ಬೆಳಿಗ್ಗೆ ಚಕ್ಕಡಿ ಹೂಡಿದರೆ ಸಂಜೆಗೆ ಪೇಟೆ ಮುಗಿಸಿ ಮನೆ ಸೇರುವಂತಾಯಿತು. ಆದರೆ ತೂಕದ ಕಲ್ಲು, ದರದ ಮಾತು ಎರಡೂ ಹಳೆಯ ಕೈಗಳಲ್ಲೇ ಇದ್ದವು.

ಗಿರಣಿ ಊರಿಗೇ ಬಂದದ್ದು

ಅದನ್ನು ಬದಲಿಸಲು ಹೊರಟಿದ್ದು ಸಹಕಾರಿ ಚಳವಳಿ. ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಮೊದಲ ಕೃಷಿ ಸಹಕಾರ ಸಂಘಗಳಲ್ಲಿ ಅದೂ ಒಂದು. 1910ರ ದಶಕದಲ್ಲಿ ಹುಬ್ಬಳ್ಳಿ, ಗದಗಗಳಲ್ಲಿ ಹತ್ತಿ ಮಾರಾಟಕ್ಕೂ ಸಹಕಾರಿ ಸಂಘಗಳು ಬಂದವು. ಇನ್ನೊಂದು ಕಡೆ ಧಾರವಾಡದಲ್ಲಿ ಕೃಷಿ ವಿಜ್ಞಾನಿ ಜಿ.ಎಲ್. ಕೊಟ್ಟೂರ ಅವರು ವಿಲಾಯತಿಯಿಂದ ಆಯ್ದು ‘ಗದಗ–1’, ಜವಾರಿಯಿಂದ ‘ಜಯವಂತ’ ತಳಿ ರೂಪಿಸಿದರು. ಮುಂದೆ ‘ಲಕ್ಷ್ಮಿ’, ‘ಜಯಧರ’ ಬಂದವು. 1972ರಲ್ಲಿ ಡಾ. ಬಿ.ಎಚ್. ಕಟರ್ಕಿ ಅವರ ‘ವರಲಕ್ಷ್ಮಿ’ ಹೈಬ್ರಿಡ್, 1981ರಲ್ಲಿ ‘ಡಿಸಿಎಚ್–32’ ಹೊರಬಂದವು. 2002ರಿಂದ ಬಿಟಿ ಹತ್ತಿ ಬಂದು ಜವಾರಿಯ ಜಾಗ ತೀರ ಸಣ್ಣದಾಗಿದೆ.

ಹುಲಕೋಟಿಯ ಪಾಲು ಸೇರುವುದು ಇಲ್ಲಿ. 1925ರಲ್ಲಿ ಇದೇ ಊರಲ್ಲಿ ಹುಟ್ಟಿದ ಕೆ.ಎಚ್. ಪಾಟೀಲರು ರಾಜಕಾರಣದಲ್ಲಿ ಮಂತ್ರಿಯಾಗಿ ಬೆಳೆದರೂ ಅವರ ನಿಜವಾದ ನೆಲೆ ಸಹಕಾರಿ ರಂಗ. ಅವರ ಮುಂದಾಳತ್ವದಲ್ಲಿ, ಹತ್ತಿ ಬೆಳೆದ ರೈತರೇ ಷೇರುದಾರರಾಗಿ ನೂಲು ತೆಗೆಯುವ ಗಿರಣಿ ಹುಲಕೋಟಿಯಲ್ಲಿ ನಿಂತಿತು. ನೂರಾರು ವರ್ಷ ಅರಳೆಯಾಗಿಯೇ ಊರು ಬಿಡುತ್ತಿದ್ದ ಹತ್ತಿ ನೂಲಾಗಿ ಹೊರಬಿತ್ತು. ಪಕ್ಕದ ಬೆಟಗೇರಿಯಲ್ಲಿ ನೇಕಾರರ ಮಗ್ಗಗಳಿದ್ದವು. ಹೊಲ, ಗಿರಣಿ, ಮಗ್ಗ ಮೂರೂ ಒಂದೇ ತಾಲ್ಲೂಕಿನಲ್ಲಿ ಸೇರಿದವು. ಪಾಟೀಲರು 1992ರಲ್ಲಿ ತೀರಿಕೊಂಡರು. ಅವರ ಹೆಸರಿನ ಕೃಷಿ ವಿಜ್ಞಾನ ಕೇಂದ್ರ ಇಂದಿಗೂ ಸುತ್ತಲ ರೈತರಿಗೆ ಹೊಲದ ಪಾಠ ಹೇಳುತ್ತಿದೆ.

ರೈಲುಹಳಿಯ ಕೆಲಸವೂ ಕಾಲಕ್ಕೆ ತಕ್ಕಂತೆ ಬದಲಾಯಿತು. 1955ರಲ್ಲಿ ಗೋವಾ ಸತ್ಯಾಗ್ರಹದ ಬಳಿಕ ಭಾರತ ಗಡಿ ಮುಚ್ಚಿದಾಗ ಮಾರ್ಮಗೋವಾಕ್ಕೆ ರೈಲು ನಿಂತಿತು. ಆ ಸತ್ಯಾಗ್ರಹದಲ್ಲಿ ಪೋರ್ಚುಗೀಸರ ಜೈಲು ಕಂಡವರಲ್ಲಿ ನರಗುಂದದ ಜಗನ್ನಾಥರಾವ್ ಜೋಶಿಯವರೂ ಒಬ್ಬರು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾದ ಮೇಲೆ ದಾರಿ ಮತ್ತೆ ತೆರೆಯಿತು. 1990ರ ದಶಕದಲ್ಲಿ ಹಳಿ ಬ್ರಾಡ್‌ಗೇಜ್ ಆಯಿತು. ಹೊಸಪೇಟೆ ಕಡೆಯ ಕಬ್ಬಿಣದ ಅದಿರು ಈ ಮಾರ್ಗವಾಗಿ ಬಂದರಿಗೆ ಹೋದ ಕಾಲವಿತ್ತು. ಈಗ ಬಂದರಿಗೆ ಬಂದ ವಿದೇಶಿ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಹುಲಕೋಟಿ ಗೇಟಿನಲ್ಲಿ ನಿಂತು ಗೂಡ್ಸ್ ಗಾಡಿ ಎಣಿಸುವವರು ಬಂದರಿನ ವ್ಯವಹಾರವನ್ನೇ ನೋಡುತ್ತಿರುತ್ತಾರೆ.

ಹಡಗು ಹತ್ತುವ ಮುನ್ನ

ಮಾರ್ಮಗೋವಾ ನೋಡಲು ಅರ್ಧ ದಿನ ಸಾಕಾಗದು. ಜುವಾರಿ ನದಿ ಕಡಲು ಸೇರುವ ಬಾಯಿಯ ದಕ್ಷಿಣಕ್ಕೆ ಚಾಚಿದ ಗುಡ್ಡದ ಮೇಲೆ 1624ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಲು ತೊಡಗಿದರು. 1683ರಲ್ಲಿ ಸಂಭಾಜಿಯ ದಾಳಿಗೆ ಬೆದರಿ ರಾಜಧಾನಿಯನ್ನೇ ಇಲ್ಲಿಗೆ ತರಲು ಹೊರಟರು. ಕೆಲಸ ನಡುವೆ ನಿಂತಿತು, ಕೊನೆಗೆ ರಾಜಧಾನಿ ಹೋದದ್ದು ಪಣಜಿಗೆ. ಕೋಟೆಯಲ್ಲಿ ಈಗ ಉಳಿದಿರುವುದು ಮುರುಕು ಗೋಡೆಗಳು. ಸಡಾ ಗುಡ್ಡದ ಜಪಾನೀಸ್ ಗಾರ್ಡನ್‌ನಿಂದ ಕೆಳಗೆ ನೋಡಿದರೆ ಹಡಗುಗಳು ಸಾಲಾಗಿ ಕಾಣುತ್ತವೆ. 1943ರ ಮಾರ್ಚ್ 9ರ ರಾತ್ರಿ ಇದೇ ಬಂದರಿನಲ್ಲಿ ಆಶ್ರಯ ಪಡೆದಿದ್ದ ಜರ್ಮನ್ ಹಡಗು ಎರೆನ್‌ಫೆಲ್ಸ್ ಮೇಲೆ ಕಲ್ಕತ್ತಾದಿಂದ ಗುಟ್ಟಾಗಿ ಬಂದ ಬ್ರಿಟಿಷ್ ಸ್ವಯಂಸೇವಕರ ತಂಡ ಏರಿ ದಾಳಿ ಮಾಡಿತು. ಹಡಗು ಅಲ್ಲೇ ಮುಳುಗಿತು.

ವಾಸ್ಕೊ ಪೇಟೆಯ ದಾಮೋದರ ದೇವಸ್ಥಾನದಲ್ಲಿ ಶ್ರಾವಣದಲ್ಲಿ ನಡೆಯುವ ಭಜನಾ ಸಪ್ತಾಹ ಹುಟ್ಟಿದ್ದು 19ನೇ ಶತಮಾನದ ಕೊನೆಯ ಪ್ಲೇಗಿನ ಹೊತ್ತಿಗೆ. ಅದೇ ವರ್ಷಗಳಲ್ಲಿ ಪ್ಲೇಗು ಹುಬ್ಬಳ್ಳಿ, ಧಾರವಾಡಗಳನ್ನೂ ಕಂಗೆಡಿಸಿತ್ತು. ಬೋಗಮಾಳೊ ರಸ್ತೆಯಲ್ಲಿ ನೌಕಾದಳದ ವಿಮಾನಗಳ ಸಂಗ್ರಹಾಲಯವಿದೆ. ಮಕ್ಕಳನ್ನು ಕರೆದೊಯ್ದವರಿಗೆ ಅದು ಒಳ್ಳೆಯ ಜಾಗ.

ಇವೆಲ್ಲಕ್ಕಿಂತ ಮುಖ್ಯವಾಗಿ ಬೈನಾ, ಜುವಾರಿನಗರದ ಓಣಿಗಳಲ್ಲಿ ಒಂದು ಸುತ್ತು ಹಾಕಬೇಕು. ಅಲ್ಲಿ ಕನ್ನಡ ಕೇಳಿಸುತ್ತದೆ, ಅದೂ ನಮ್ಮ ಕಡೆಯ ಕನ್ನಡ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರ, ಹಾವೇರಿ ಕಡೆಗಳಿಂದ ಬಂದ ಕೂಲಿಕಾರರು ಬಂದರಿನಲ್ಲಿ, ಕಟ್ಟಡಗಳಲ್ಲಿ, ಮೀನುಪೇಟೆಯಲ್ಲಿ ದುಡಿಯುತ್ತಾರೆ. ಮಕ್ಕಳಿಗೆ ಕನ್ನಡ ಶಾಲೆಗಳೂ ಇವೆ. 2004ರಲ್ಲಿ ಗೋವಾ ಸರ್ಕಾರ ಬೈನಾ ಕಡಲತೀರದ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರೇ ಬಹಳ. ಒಣಬೇಸಾಯದ ಹೊಲ ಕೈಕೊಟ್ಟಾಗ ಹೊಟ್ಟೆಪಾಡಿಗೆ ಹೊರಟವರು ಹತ್ತಿ ಹೋದ ದಾರಿಯನ್ನೇ ಹಿಡಿದರು.

ಒಂದು ಮಾತು ಸ್ಪಷ್ಟ. ಬಂದರು ಯಾರದೇ ಇರಲಿ, ಅರಳೆಯನ್ನು ಹಾಗೆಯೇ ಕಳಿಸಿದಷ್ಟು ಕಾಲ ಲಾಭ ಬೇರೆಯವರದಾಗಿತ್ತು. ಗಿರಣಿ ಊರಿಗೆ ಬಂದಾಗ ಮಾತ್ರ ರೈತನಿಗೆ ತನ್ನ ಬೆಳೆಯ ಮೇಲೆ ಒಂದಷ್ಟು ಹಿಡಿತ ಸಿಕ್ಕಿತು. ಈ ಕಥೆಯನ್ನು ಕಣ್ಣಾರೆ ಕಾಣಲು ಹಡಗಿನ ಟಿಕೆಟ್ ತೆಗೆಸಿದವರಿಗೆ ಒಂದು ಸಲಹೆ. ವಾಸ್ಕೊಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ವಾರದಲ್ಲಿ ಕೆಲವು ದಿನ ಗದಗ, ಹುಬ್ಬಳ್ಳಿ ಮಾರ್ಗವಾಗಿ ಹೋಗುತ್ತದೆ. ಅದರಲ್ಲಿ ಒಂದು ದಿನ ಮೊದಲೇ ಹೊರಡಿ. ಬಂದರು, ಕೋಟೆ, ಬೈನಾ ಮೂರನ್ನೂ ನೋಡಿ. ಹೊರಡುವ ಮುನ್ನ ಮನೆಯ ಹಿರಿಯರನ್ನು ಹತ್ತಿ ಪೇಟೆಯ ಬಗ್ಗೆ ಕೇಳಿ, ಅವರು ಹೇಳಿದ್ದನ್ನು ಬರೆದಿಡಿ. ಗದಗಿನ ಹಳೆಯ ಜಿನ್ನುಗಳು ಒಂದೊಂದಾಗಿ ನೆಲಸಮವಾಗುತ್ತಿವೆ, ಅವುಗಳಲ್ಲಿ ದುಡಿದವರೂ ಕಡಿಮೆಯಾಗುತ್ತಿದ್ದಾರೆ.